ಸ್ವಾತಂತ್ರ್ಯವೋ, ಪ್ರಮಾದವೋ?

“ತಲೆ ನನ್ನದು, ಒಡೆದರೆ ನೋವೂ ನನ್ನದೇ, ಇದರಲ್ಲಿ ಸರ್ಕಾರ ಕೈಹಾಕುವುದೇಕೆ?” ಎಂಬ ವಾದವು ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದ ದಿನದಿಂದಲೂ ನಮ್ಮ ಉಪ್ಪಾರಪೇಟೆ, ಚಿಕ್ಕಪೇಟೆ, ಬಳೇಪೇಟೆಗಳ ಅಂಗಡಿಗಳಲ್ಲಿ ಕೇಳಿಬರುತ್ತಲೇ ಇದೆ. ಹೀಗೆ ಹೇಳುವವರು ತಿಳಿಯದವರಲ್ಲ; ಓದಿದವರು, ವ್ಯವಹಾರ ಬಲ್ಲವರು, ಕಾನೂನಿಗೆ ತಲೆಬಾಗಿ ತೆರಿಗೆ ಕಟ್ಟುವವರು. 2015ರ ನಂತರ ಅವರ ವಾದಕ್ಕೆ ಇನ್ನೊಂದು ಆಧಾರವೂ ದೊರೆತಿದೆ. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಹೈಕೋರ್ಟು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ದೇಶದ ಅನೇಕ ನಗರಗಳಲ್ಲಿ ಸಮಾಜಬಾಂಧವರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. “ದೇಹದ ಅಂತ್ಯದ ವಿಷಯದಲ್ಲೇ ರಾಜ್ಯವು ಪ್ರವೇಶಿಸಬಾರದೆಂದು ಅಂದು ಹೇಳಿದ ನಾವು, ಇಂದು ತಲೆಯ ಮೇಲಿನ ಟೋಪಿಯ ವಿಷಯದಲ್ಲಿ ರಾಜ್ಯದ ಆಜ್ಞೆಯನ್ನು ಒಪ್ಪುವುದು ಹೇಗೆ?” ಎಂದು ಈ ಮಿತ್ರರು ಕೇಳುತ್ತಾರೆ.

ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಸರಿಯಾದ ಉತ್ತರ ನೀಡದೆ ಕೇವಲ ದಂಡದ ಭಯದಿಂದ ಹೆಲ್ಮೆಟ್ ಧರಿಸುವವನು ಪೊಲೀಸರು ಕಾಣದ ಓಣಿಯಲ್ಲಿ ಅದನ್ನು ಕೈಗೆ ನೇತುಹಾಕಿಕೊಳ್ಳುತ್ತಾನೆ. ಆದುದರಿಂದ ಈ ವಾದವನ್ನೂ ಕಾನೂನನ್ನೂ ಎರಡನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾನೂನು ನಡೆದು ಬಂದ ದಾರಿ

ಮೊದಲು ಕಾನೂನಿನ ಇತಿಹಾಸವನ್ನು ಸ್ವಲ್ಪ ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಂ ದ್ವಿಚಕ್ರ ವಾಹನವನ್ನು ನಡೆಸುವವರಿಗೂ ಅದರಲ್ಲಿ ಕುಳಿತು ಹೋಗುವವರಿಗೂ ಶಿರಸ್ತ್ರಾಣವನ್ನು ವಿಧಿಸಿತು. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ನೀಡಿತು. ಇತರ ವಿನಾಯಿತಿಗಳನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಅದೇ 1988ರಲ್ಲಿ, ಹೈದರಾಬಾದ್ ಮತ್ತು ಸಿಕಂದರಾಬಾದ್ ನಗರಗಳಲ್ಲಿ ಹೆಲ್ಮೆಟ್ ಕಡ್ಡಾಯಗೊಳಿಸಿದ ಆಂಧ್ರಪ್ರದೇಶದ ನಿಯಮವೊಂದನ್ನು ಪ್ರಶ್ನಿಸಿದ ಅರ್ಜಿಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸಂವಿಧಾನದ 19ನೆಯ ವಿಧಿಯು ಕೊಟ್ಟಿರುವ ಸಂಚಾರ ಸ್ವಾತಂತ್ರ್ಯಕ್ಕೆ ಈ ನಿಯಮ ಅಡ್ಡಿಯೆಂಬುದು ಅರ್ಜಿದಾರರ ವಾದ. ನಿಯಮವಿರುವುದು ಸವಾರನ ಪ್ರಾಣರಕ್ಷಣೆಗಾಗಿ, ಅದರಿಂದ ಸಂಚಾರಕ್ಕೆ ಭಂಗವಿಲ್ಲವೆಂದು ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಅಜಯ್ ಕಾನು ಪ್ರಕರಣವೆಂದು ಇದು ಪ್ರಸಿದ್ಧವಾಗಿದೆ.

ಕಾಯಿದೆ ಹೀಗಿದ್ದರೂ ಬೆಂಗಳೂರಿನಲ್ಲಿ ಸವಾರನಿಗೆ ಹೆಲ್ಮೆಟ್ ಬಿಗಿಯಾಗಿ ಜಾರಿಗೆ ಬಂದದ್ದು 2006ರಲ್ಲಿ. ಹಿಂಬದಿ ಸವಾರನಿಗೆ ಅದು ಕಡ್ಡಾಯವಾದುದು 2016ರ ಜನವರಿಯಲ್ಲಿ. ಚಿಕ್ಕ ಮಕ್ಕಳ ಸರದಿ ಅದಕ್ಕೂ ನಂತರ. 2019ರ ತಿದ್ದುಪಡಿಯು ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಎಂದಿತು. ನಾಲ್ಕರ ಒಳಗಿನ ಮಕ್ಕಳ ಕುರಿತ ಕೇಂದ್ರ ನಿಯಮವು 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಅಂತಹ ಮಗುವನ್ನು ಸವಾರನ ಮೈಗೆ ಸೇರಿಸಿ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು; ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು; ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

ಈ ಕ್ರಮವನ್ನು ವಾಚಕರು ಗಮನಿಸಬೇಕು. ಹಿಡಿಕೆ ಯಾರ ಕೈಯಲ್ಲಿದೆಯೋ ಅವನಿಗೆ ಮೊದಲು ರಕ್ಷೆ. ಅವನನ್ನು ನಂಬಿ ಹಿಂದೆ ಕುಳಿತವರಿಗೆ ಹತ್ತು ವರ್ಷಗಳ ನಂತರ. ನಂಬುವುದು ಬಿಡುವುದು ಏನೆಂದೇ ಅರಿಯದ ಕೂಸಿಗೆ ಎಲ್ಲರಿಗಿಂತ ಕೊನೆಗೆ. ನ್ಯಾಯವಾಗಿ ಈ ಕ್ರಮವು ತಲೆಕೆಳಗಾಗಿರಬೇಕಿತ್ತು. ಕಾನೂನಿನ ಮೇಲೆ ನನ್ನ ಮೊದಲ ಆಕ್ಷೇಪ ಇದೇ.

ಸ್ವಾತಂತ್ರ್ಯವಾದದ ಬಲ

ವಯಸ್ಕನ ಸ್ವಾತಂತ್ರ್ಯದ ವಾದವನ್ನು ಅದರ ಪೂರ್ಣ ಬಲದೊಡನೆ ಎತ್ತಿಕೊಳ್ಳುವುದು ಉಚಿತ. ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಪ್ರಬಂಧದಲ್ಲಿ, ಮತ್ತೊಬ್ಬರಿಗೆ ಆಗುವ ಹಾನಿಯನ್ನು ತಡೆಯಲು ಮಾತ್ರ ಸಮಾಜವು ವ್ಯಕ್ತಿಯ ಮೇಲೆ ಬಲಪ್ರಯೋಗ ಮಾಡಬಹುದೆಂದೂ, ಅವನ ಸ್ವಂತ ಹಿತಕ್ಕಾಗಿ ಬಲಾತ್ಕರಿಸಲಾಗದೆಂದೂ ಪ್ರತಿಪಾದಿಸಿದನು. ನಮ್ಮ ವಾಹನ ಕಾಯಿದೆಯೂ ಒಂದೆಡೆ ಇದೇ ವಿವೇಕವನ್ನು ತೋರುತ್ತದೆ. ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ. ಸ್ವಂತ ವಾಹನಕ್ಕೆ ಆಗುವ ಹಾನಿಗೆ ವಿಮೆ ಮಾಲೀಕನ ಇಚ್ಛೆಗೆ ಬಿಟ್ಟದ್ದು. ವರ್ತಕರಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತನ್ನ ಬಂಡವಾಳವನ್ನು ಒಬ್ಬನು ಅಪಾಯಕ್ಕೆ ಒಡ್ಡಿದರೆ ಅವನನ್ನು ಎಚ್ಚರಿಸಬಹುದೇ ಹೊರತು ತಡೆಯಲಾಗದು. ಅನ್ಯರ ಠೇವಣಿಯನ್ನು ಅಪಾಯಕ್ಕೆ ಒಡ್ಡಿದರೆ ತಡೆಯಲೇಬೇಕು.

ಆದರೆ ಮಿಲ್ಲನ ಹೆಸರನ್ನು ಹೇಳುವವರು ಅವನ ಎರಡು ಮಾತುಗಳನ್ನು ಬಿಟ್ಟುಬಿಡುತ್ತಾರೆ. ತನ್ನ ಸಿದ್ಧಾಂತವು ಪ್ರಾಪ್ತವಯಸ್ಕರಿಗೆ ಮಾತ್ರ, ಮಕ್ಕಳಿಗೆ ಅನ್ವಯಿಸದು ಎಂದು ಅವನು ಆರಂಭದಲ್ಲೇ ಸ್ಪಷ್ಟಪಡಿಸಿದ್ದಾನೆ. ಮುರಿಯಲಿರುವ ಸೇತುವೆಯ ಮೇಲೆ ಅದನ್ನರಿಯದೆ ಕಾಲಿಡಹೊರಟವನನ್ನು ಹಿಡಿದು ನಿಲ್ಲಿಸಿದರೆ ಅವನ ಸ್ವಾತಂತ್ರ್ಯಕ್ಕೆ ಭಂಗವಾಗದು, ಏಕೆಂದರೆ ನದಿಗೆ ಬೀಳುವುದು ಅವನ ಇಚ್ಛೆಯಾಗಿರಲಿಲ್ಲ, ಎಂಬುದು ಎರಡನೆಯದು. ತಿಳಿದು ಆರಿಸಿಕೊಂಡದ್ದು ಮಾತ್ರ ಸ್ವಾತಂತ್ರ್ಯದ ಆಶ್ರಯಕ್ಕೆ ಬರುತ್ತದೆ. ಹೆಲ್ಮೆಟ್ ಇಲ್ಲದೆ ಹೊರಡುವವನು ಏನನ್ನು ಆರಿಸಿಕೊಂಡಿದ್ದಾನೆ? ಸಾವನ್ನಂತೂ ಅಲ್ಲ, ಅಂಗವೈಕಲ್ಯವನ್ನೂ ಅಲ್ಲ. “ನನಗೇನೂ ಆಗದು” ಎಂಬ ಮರೆವನ್ನು ಮಾತ್ರ.

ಸಲ್ಲೇಖನದ ಹೋಲಿಕೆ

ಸಂಥಾರಾ ಅಥವಾ ಸಲ್ಲೇಖನದ ಹೋಲಿಕೆಗೆ ಉತ್ತರವು ಇಲ್ಲೇ ಇದೆ. ನಮ್ಮ ಆಚಾರ್ಯರು ಹಿಂಸೆಯನ್ನು ಅಳೆದದ್ದು ಪ್ರಮಾದದಿಂದ. ಎಚ್ಚರಗೇಡಿ ಪ್ರವೃತ್ತಿಯಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರ ಸೂರಿಗಳು ಇನ್ನೂ ಮುಂದೆ ಹೋಗಿ, ಪ್ರಮತ್ತನಾಗಿ ನಡೆದವನ ಮುಂದೆ ಜೀವಿ ಸಾಯಲಿ ಬಿಡಲಿ, ಹಿಂಸೆ ನಡೆದೇ ಹೋಯಿತೆಂದೂ, ಅವನು ಮೊದಲು ಘಾತಗೊಳಿಸುವುದು ತನ್ನ ಆತ್ಮವನ್ನೇ ಎಂದೂ ವಿವರಿಸಿದ್ದಾರೆ. ಸಲ್ಲೇಖನವು ಆತ್ಮಹತ್ಯೆಯಲ್ಲವೇ ಎಂಬ ಶಂಕೆಯನ್ನು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ತಾವೇ ಎತ್ತಿ, ಅಲ್ಲಿ ಪ್ರಮಾದವಿಲ್ಲದ ಕಾರಣ ಅದು ಆತ್ಮವಧೆಯಲ್ಲವೆಂದು ಪರಿಹರಿಸಿದ್ದಾರೆ.

ಅದೇ ಪ್ರಸಂಗದಲ್ಲಿ ಅವರು ಕೊಡುವ ದೃಷ್ಟಾಂತವು ವರ್ತಕನದೇ. ಸರಕು ತುಂಬಿದ ಮನೆಯ ನಾಶವು ಯಾವ ವರ್ತಕನಿಗೂ ಇಷ್ಟವಲ್ಲ. ಅಪಾಯ ಒದಗಿದರೆ ಅವನು ತನ್ನ ಶಕ್ತಿಯಿರುವಷ್ಟು ಅದನ್ನು ತಡೆಯುತ್ತಾನೆ. ತಡೆಯಲು ಸಾಧ್ಯವೇ ಇಲ್ಲವೆಂದಾಗ ಮನೆಯನ್ನು ಬಿಟ್ಟು ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಮನೆಯೆಂದರೆ ದೇಹ, ಸರಕೆಂದರೆ ವ್ರತ-ಶೀಲಗಳು. ಈ ದೃಷ್ಟಾಂತದ ಕೊನೆಯ ಭಾಗವನ್ನು ನಾವು 2015ರಲ್ಲಿ ಎಲ್ಲೆಡೆ ಹೇಳಿದೆವು. ನಡುವಿನ ಭಾಗವನ್ನು ಮರೆಯಬಾರದು. ಮನೆಯನ್ನು ಬಿಡುವ ಮೊದಲು ಶಕ್ತಿಯಿರುವಷ್ಟೂ ಅದನ್ನು ಕಾಯುವ ಕರ್ತವ್ಯವಿದೆ. ಬೆಂಕಿ ಬೀಳದಂತೆ ನೋಡಿಕೊಳ್ಳಲಾರದವನು ಸುಟ್ಟ ಮನೆಯ ಮುಂದೆ ನಿಂತು ತ್ಯಾಗದ ಮಾತಾಡಿದರೆ ಯಾರೂ ಒಪ್ಪುವುದಿಲ್ಲ. ದೀರ್ಘ ವಿಚಾರದಿಂದ, ಗುರುವಿನ ಅನುಮತಿಯಿಂದ, ಪೂರ್ಣ ಎಚ್ಚರದಿಂದ ಕೈಗೊಳ್ಳುವ ವ್ರತವೆಲ್ಲಿ, ಅವಸರದಲ್ಲಿ ಬೀಗದ ಕೈ ಹಿಡಿದು ಬರಿದಲೆಯಲ್ಲಿ ಹೊರಟ ಸವಾರಿಯೆಲ್ಲಿ? ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ನಷ್ಟವಾಗುವುದು ಸಲ್ಲೇಖನದ ಗೌರವಕ್ಕೆ.

ಸಿಖ್ಖರ ಪೇಟಕ್ಕೆ ನಮ್ಮ ಕಾಯಿದೆಯೂ, ಇಂಗ್ಲೆಂಡಿನ 1976ರ ಕಾಯಿದೆಯೂ ವಿನಾಯಿತಿ ನೀಡಿರುವುದರ ಮರ್ಮವೂ ಇದೇ. ವಿನಾಯಿತಿ ದೊರೆತದ್ದು ಶ್ರದ್ಧೆಗೆ. ಸೆಖೆಗೂ ಅಲ್ಲ, ಕೇಶಾಲಂಕಾರಕ್ಕೂ ಅಲ್ಲ.

ಪೇಟೆಯ ನಿಧಾನಗತಿ

ಪೇಟೆಯವರು ಹೇಳುವ ಇನ್ನೊಂದು ಮಾತಿದೆ. “ನಮ್ಮ ಬೀದಿಗಳಲ್ಲಿ ವಾಹನ ಓಡುವುದೆಲ್ಲಿ, ತೆವಳುತ್ತದೆ. ಉಪ್ಪಾರಪೇಟೆಯಿಂದ ಅವೆನ್ಯೂ ರಸ್ತೆಗೆ ಹೋಗಲು ಹೆಲ್ಮೆಟ್ ಏತಕ್ಕೆ?” ಇದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ಬೀಳುವ ಯಾವುದೇ ವಸ್ತುವು ನೆಲವನ್ನು ಮುಟ್ಟುವಾಗ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್ ವೇಗದಲ್ಲಿರುತ್ತದೆ. ನಿಂತ ವಾಹನದಿಂದ ಉರುಳಿದವನ ತಲೆಯೂ ಕಲ್ಲಿನ ಅಂಚಿಗೆ ಈ ವೇಗಕ್ಕೆ ಸಮೀಪದ ವೇಗದಲ್ಲೇ ಬಡಿಯಬಹುದು. ಗಂಟೆಗೆ 40 ಕಿಲೋಮೀಟರ್ ವೇಗದ ಆಘಾತವು ಇಪ್ಪತ್ತು ಅಡಿ ಎತ್ತರದಿಂದ ಬಿದ್ದುದಕ್ಕೆ ಸಮ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಕ್ರೇನ್ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಪರಿಶೀಲನೆಯು, ಅಪಘಾತಕ್ಕೀಡಾದ ದ್ವಿಚಕ್ರ ಸವಾರರಲ್ಲಿ ಹೆಲ್ಮೆಟ್ಟಿನಿಂದ ಮರಣದ ಸಂಭವ ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇಕಡಾ 69ರಷ್ಟು ತಗ್ಗುವುದೆಂದು ಕಂಡುಕೊಂಡಿತು. ಹೆಲ್ಮೆಟ್ ಸರ್ವರಕ್ಷೆಯಲ್ಲ, ನಿಜ. ಕಳ್ಳನು ಬಂದೇ ಬರುವನೆಂದು ಯಾರೂ ಅಂಗಡಿಗೆ ಬೀಗ ಹಾಕುವುದಿಲ್ಲ, ಬರಬಹುದೆಂದು ಹಾಕುತ್ತಾರೆ.

“ನೋವು ನನ್ನದೊಬ್ಬನದೇ” ಎಂಬುದೂ ಪರೀಕ್ಷೆಯಲ್ಲಿ ನಿಲ್ಲದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂಬದಿ ಕುಳಿತವರು. ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಧರಿಸಿದ್ದರೆ ಇವರೆಲ್ಲರೂ ಉಳಿಯುತ್ತಿದ್ದರೆಂದು ಹೇಳಲಾಗದು. ಆದರೂ ಹಿಡಿಕೆಯನ್ನಾಗಲಿ ಚಕ್ರವನ್ನಾಗಲಿ ಹಿಡಿಯದವರು ಈ ಲೆಕ್ಕದಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ನೋಡಬೇಕು. ಅದೇ ವರ್ಷದ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ನಡೆದ ಅಪಘಾತದಲ್ಲಿ ತೀರಿಕೊಂಡರು. ಕಾರಿನ ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲ. ಬೆಲ್ಟ್ ಇಲ್ಲದೆ ಹಿಂದೆ ಕುಳಿತವನು ಕಾರು ಥಟ್ಟನೆ ನಿಂತಾಗ ತನ್ನ ಪೂರ್ಣ ಭಾರದೊಡನೆ ಮುಂದಿನವನ ಬೆನ್ನಿಗೆ ಅಪ್ಪಳಿಸುತ್ತಾನೆ. ಅಲ್ಲಿಗೆ ‘ನನ್ನ ದೇಹ’ವು ಮತ್ತೊಬ್ಬರಿಗೆ ಆಯುಧವಾಯಿತು.

ಮಗುವೆಂಬ ನ್ಯಾಸ

ಇಷ್ಟಾದರೂ ವಯಸ್ಕನ ವಿಷಯದಲ್ಲಿ ವಾದಕ್ಕೆ ಎಡೆಯಿದೆಯೆಂದು ಒಪ್ಪೋಣ. ಮಗುವಿನ ವಿಷಯದಲ್ಲಿ ಎಡೆಯೇ ಇಲ್ಲ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಶಾಲೆಗಳ ಮುಂದೆ ಬೆಳಗಿನ ಹೊತ್ತು ಕಾಣುವ ದೃಶ್ಯವು ಎಲ್ಲರಿಗೂ ಪರಿಚಿತ. ತಂದೆಯ ತಲೆಯ ಮೇಲೆ ಹೆಲ್ಮೆಟ್ ಇದೆ, ಹಿಂದೆ ಕುಳಿತ ತಾಯಿಯ ತಲೆಯ ಮೇಲೂ ಇದೆ. ಸ್ಕೂಟರಿನ ಮುಂಭಾಗದಲ್ಲಿ ಹಿಡಿಕೆಗೆ ಎದೆಯೊತ್ತಿ ನಿಂತ ಮಗುವಿಗೆ ಇಲ್ಲ. ತಂದೆತಾಯಿ ಧರಿಸಿದ್ದು ದಂಡ ತಪ್ಪಿಸಿಕೊಳ್ಳಲೆಂಬುದಕ್ಕೆ ಆ ಬರಿದಲೆಯೇ ಸಾಕ್ಷಿ. ಪ್ರಾಣಭಯದಿಂದ ಧರಿಸಿದ್ದರೆ ಮೊದಲು ಮಗುವಿಗೆ ತೊಡಿಸುತ್ತಿದ್ದರು. “ತಲೆ ನನ್ನದು” ಎಂದ ತಂದೆಯು ಇಲ್ಲಿ ಯಾವ ಸ್ವಾತಂತ್ರ್ಯವನ್ನು ಹೇಳಿಕೊಳ್ಳಬಲ್ಲ? ಆ ತಲೆ ಅವನದಲ್ಲ. ಆ ಮಗು ಏನನ್ನೂ ಆರಿಸಿಕೊಂಡಿಲ್ಲ.

ನಮ್ಮಲ್ಲಿ ‘ನ್ಯಾಸ’ವೆಂಬ ಶಬ್ದವಿದೆ. ನಂಬಿ ಇರಿಸಿದ ಒಡವೆಯನ್ನು ಲೋಪಗೊಳಿಸುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ಅದಕ್ಕೆ ನ್ಯಾಸಾಪಹಾರವೆಂದು ಹೆಸರು. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದರೂ ಪೂರ್ಣವಾಗಿ ಹಿಂದಿರುಗಿಸಬೇಕೆಂಬುದು ಅದರ ತಾತ್ಪರ್ಯ. ಮಗುವಿನ ಆಯುಸ್ಸು ನಮ್ಮಲ್ಲಿರುವ ನ್ಯಾಸ. ಅದು ಕೇಳಲು ಬಾರದ ಠೇವಣಿದಾರ. ಆದುದರಿಂದಲೇ ಅದರ ಪರವಾಗಿ ಕಾನೂನು ಕೇಳಬೇಕಾಗುತ್ತದೆ; ಮನೆಯಲ್ಲಿ ಯಾರೂ ಕೇಳದಿದ್ದರೆ ಕಾನೂನು ಕೇಳುವುದು ಅನ್ಯಾಯವಲ್ಲ. ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಅಪ್ಪಿ ಹಿಡಿದರೆ ಸಾಕೆಂಬ ನಂಬಿಕೆಯೂ ಮೋಹದ್ದೇ. ವೇಗವಾಗಿ ಹೋಗುವ ಕಾರು ಢಿಕ್ಕಿಯಾದಾಗ ಹತ್ತು ಕಿಲೋ ತೂಕದ ಕೂಸನ್ನು ಹಿಡಿದುಕೊಳ್ಳುವ ಶಕ್ತಿ ಯಾವ ತೋಳಿಗೂ ಇಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ 2019ರ ತಿದ್ದುಪಡಿಯು ಒಂದು ಸಾವಿರ ರೂಪಾಯಿ ದಂಡ ವಿಧಿಸಿದ್ದು ಈ ಕಾರಣದಿಂದ.

ಇನ್ನೆರಡು ಅಂಶಗಳನ್ನು ಇಲ್ಲೇ ಹೇಳಬೇಕು. ಮೂಕ ಪ್ರಾಣಿಯ ಮೇಲೆ ಮಿತಿಮೀರಿ ಭಾರ ಹೇರುವ ‘ಅತಿಭಾರಾರೋಪಣ’ವು ಅಹಿಂಸಾಣುವ್ರತಕ್ಕೆ ಅತಿಚಾರವೆಂದು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ, ಅದೇ ಮಕ್ಕಳು ಮೂವರು ನಾಲ್ವರಾಗಿ ಒಂದೇ ಸ್ಕೂಟರಿನಲ್ಲಿ ಆ ಪಾಠಶಾಲೆಗೆ ಬರುತ್ತಾರೆ. ಹದಿನೆಂಟು ತುಂಬದ ಮಗನಿಗೆ ಗೇರಿನ ವಾಹನದ ಕೀಲಿಯನ್ನು ಕೊಡುವುದು ಎರಡನೆಯದು. 2019ರ ತಿದ್ದುಪಡಿಯ 199ಎ ಕಲಂ ಇದಕ್ಕೆ ಪೋಷಕನನ್ನೇ ಹೊಣೆಯಾಗಿಸಿ, ಮೂರು ವರ್ಷಗಳವರೆಗೆ ಸೆರೆಮನೆ ಹಾಗೂ ಇಪ್ಪತ್ತೈದು ಸಾವಿರ ರೂಪಾಯಿ ದಂಡವನ್ನು ವಿಧಿಸುತ್ತದೆ. ಕಠೋರವೆಂದು ಹಲವರು ಗೊಣಗಿದರು. ಹಿಂಸೆಯ ಸಾಧನವನ್ನು ಅನ್ಯರ ಕೈಗೆ ಕೊಡುವ ‘ಹಿಂಸಾದಾನ’ವನ್ನೂ, ಅಲಕ್ಷ್ಯದ ನಡೆಯಾದ ‘ಪ್ರಮಾದಚರ್ಯೆ’ಯನ್ನೂ ಅನರ್ಥದಂಡಗಳಲ್ಲಿ ಎಣಿಸಿ ತ್ಯಜಿಸಬೇಕೆಂದು ಕಲಿತವರಿಗೆ ಇದು ಹೊಸದಾಗಬಾರದಿತ್ತು. ಆ ಹುಡುಗನು ಬರಿಗಾಲಲ್ಲಿ ವಿಹಾರ ಮಾಡುವ ತ್ಯಾಗಿಗಳೂ ನಡೆಯುವ ರಸ್ತೆಯಲ್ಲೇ ವಾಹನ ಓಡಿಸುತ್ತಾನೆಂಬುದನ್ನಾದರೂ ನೆನೆಯಬೇಕು.

ಕಾನೂನಿನ ಕೊರತೆಗಳು

ಹಾಗೆಂದು ಕಾನೂನನ್ನು ಪೂರ್ತಿಯಾಗಿ ಹೊಗಳುವಂತಿಲ್ಲ. ಕಾನೂನು ತನ್ನ ಉದ್ದೇಶವನ್ನು ಜನರಿಗೆ ನಂಬಿಸಲು ಸೋತಿದೆ. 2019ರ ಸೆಪ್ಟೆಂಬರಿನಲ್ಲಿ ಒಂದು ಸಾವಿರ ರೂಪಾಯಿಯ ಹೆಲ್ಮೆಟ್ ದಂಡವು ಜಾರಿಗೆ ಬಂದ ಅದೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಜನರ ವಿರೋಧಕ್ಕೆ ಮಣಿದು ಅದನ್ನು ಐನೂರಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಗಳ ಮೇಲೆ ಅರ್ಧದಷ್ಟು ರಿಯಾಯಿತಿ ಘೋಷಿಸಲಾಯಿತು. ಬೆಂಗಳೂರಿನ ಸಂಚಾರ ಠಾಣೆಗಳ ಮುಂದೆ ಜನ ಸಾಲುಗಟ್ಟಿದರು. 2025ರಲ್ಲೂ ಅಂಥದೇ ರಿಯಾಯಿತಿ ಬಂದಿತು. ಕೂಸುಗಳ ಸುರಕ್ಷಾ ಪಟ್ಟಿಯ ನಿಯಮ ಜಾರಿಗೆ ಬಂದದ್ದು ಆ 2023ರ ಫೆಬ್ರವರಿಯಲ್ಲೇ. ಊರೆಲ್ಲ ರಿಯಾಯಿತಿಯ ಮಾತೇ. ನಿಯಮದ ಸುದ್ದಿ ಎಷ್ಟು ಮನೆಗಳನ್ನು ಮುಟ್ಟಿತು? ದಂಡವನ್ನು ಹಳೆಯ ದಾಸ್ತಾನಿನಂತೆ ಅರ್ಧ ಬೆಲೆಗೆ ವಿಲೇವಾರಿ ಮಾಡಿದಾಗ, ಅಪರಾಧಕ್ಕೂ ಒಂದು ದರವಿದೆ, ಕಾದರೆ ಇಳಿಯುತ್ತದೆ, ಎಂಬ ಪಾಠವನ್ನೇ ಜನ ಕಲಿಯುತ್ತಾರೆ.

ಇದಲ್ಲದೆ, ಪ್ರಜೆಯಿಂದ ಎಚ್ಚರವನ್ನು ಕೇಳುವ ಆಡಳಿತವು ತಾನೂ ಎಚ್ಚರದಿಂದಿರಬೇಕು. ಬೆಂಗಳೂರಿನ ರಸ್ತೆಗುಂಡಿಗಳ ಕುರಿತು 2015ರಲ್ಲಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯು ವರ್ಷಗಟ್ಟಲೆ ವಿಚಾರಣೆಯಲ್ಲಿದ್ದುದು ಎಲ್ಲರಿಗೂ ತಿಳಿದಿದೆ. ತಲೆಯನ್ನು ಕಾಯಬೇಕೆನ್ನುವ ಅಧಿಕಾರಕ್ಕೆ ದಾರಿಯನ್ನು ಕಾಯುವ ಹೊಣೆಯೂ ಅಂಟಿಕೊಂಡಿದೆ. ಆದರೆ ಆಡಳಿತದ ಪ್ರಮಾದವು ನಮ್ಮ ಪ್ರಮಾದಕ್ಕೆ ರಸೀದಿಯಲ್ಲ. ಗುಂಡಿಯಿದ್ದಷ್ಟೂ ಹೆಲ್ಮೆಟ್ಟಿನ ಅಗತ್ಯ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ವರ್ತಕ ಸಮಾಜಕ್ಕೆ ಸಂಬಂಧಿಸಿದ ಮಾತೂ ಒಂದಿದೆ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟುಗಳನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಆದರೂ ಕಿವಿ ಮುಚ್ಚದ, ಒಳಗೆ ಮೆತ್ತೆಯಿಲ್ಲದ, ಪ್ಲಾಸ್ಟಿಕ್ ಬೋಗುಣಿಯಂಥ ಟೋಪಿಗಳು ರಸ್ತೆಬದಿಯಲ್ಲಿ ಮಾರಾಟವಾಗುತ್ತವೆ. ಕೆಲವಕ್ಕೆ ಸುಳ್ಳು ಗುರುತೂ ಅಂಟಿರುತ್ತದೆ. ಒಳ್ಳೆಯ ಸರಕೆಂದು ಕಳಪೆಯನ್ನು ದಾಟಿಸುವುದಕ್ಕೆ ಶಾಸ್ತ್ರವು ‘ಪ್ರತಿರೂಪಕ ವ್ಯವಹಾರ’ವೆಂದು ಹೆಸರಿಟ್ಟು ಅಚೌರ್ಯಾಣುವ್ರತದ ಅತಿಚಾರವೆಂದಿದೆ. ತುಪ್ಪದ ಕಲಬೆರಕೆಯಲ್ಲಿ ಕೊಂಡವನ ಹಣ ಹೋಗುತ್ತದೆ; ಇಲ್ಲಿ ತಲೆಯೇ ಹೋಗುತ್ತದೆ.

ನಮ್ಮ ಕೈಯಲ್ಲಿರುವುದು

ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರಕ್ಕೂ ಕರ್ಮಬಂಧವಿದೆಯೆಂದು ನಂಬಿದವರು ನಾವು. ಅಂಗಡಿಯ ಹುಡುಗನನ್ನು ಬಟ್ಟೆಯ ಗಂಟುಗಳೊಡನೆ ಸ್ಕೂಟರಿನಲ್ಲಿ ಕಳುಹಿಸುವ ಮಾಲೀಕನು ಅವನಿಗೆ ಒಂದು ಒಳ್ಳೆಯ ಹೆಲ್ಮೆಟ್ ಕೊಡಿಸಲಿ. “ಬೇಗ ಬಾ” ಎನ್ನುವ ಬದಲು “ನೋಡಿಕೊಂಡು ಬಾ” ಎನ್ನಲಿ. ಆ ಹುಡುಗನಿಗೂ “ಬೇಡ” ಎನ್ನುವ ಸ್ವಾತಂತ್ರ್ಯವಿರುವುದಿಲ್ಲ. ಅವನು ಮಗುವಲ್ಲದಿದ್ದರೂ ಸಂಬಳಕ್ಕಾಗಿ ನಮ್ಮ ಮಾತಿಗೆ ಒಳಗಾದವನು.

ಬಸದಿಗಳ ಮತ್ತು ಟ್ರಸ್ಟುಗಳ ಕಾರ್ಯಕರ್ತರು ಕೆಲವು ಸಣ್ಣ ಏರ್ಪಾಡುಗಳನ್ನು ಮಾಡಬಹುದು. ಶ್ರವಣಬೆಳಗೊಳ ಮೊದಲಾದ ಕ್ಷೇತ್ರಗಳಿಗೆ ಯಾತ್ರೆಗೆಂದು ಬಾಡಿಗೆಗೆ ಪಡೆಯುವ ವಾಹನದಲ್ಲಿ ಬೆಲ್ಟುಗಳು ಕೆಲಸ ಮಾಡುತ್ತವೆಯೇ ಎಂದು ನೋಡಿ ಮುಂಗಡ ಕೊಡಬಹುದು. ಮಕ್ಕಳ ಅಳತೆಯ ಹೆಲ್ಮೆಟ್ಟುಗಳನ್ನು ಸಗಟು ದರದಲ್ಲಿ ತರಿಸಿ ಪಾಠಶಾಲೆಯ ಮಕ್ಕಳಿಗೆ ಅಸಲು ಬೆಲೆಗೆ ಒದಗಿಸಬಹುದು. ದೇವದರ್ಶನಕ್ಕೆ, ಮದುವೆಗೆ ಹೊರಟವರು ಅನೇಕರು “ಅಲ್ಲಿ ಇಡುವುದೆಲ್ಲಿ?” ಎಂದು ಹೆಲ್ಮೆಟ್ಟನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ನಮ್ಮ ಬಸದಿಗಳ, ಸಭಾಭವನಗಳ ಬಾಗಿಲಲ್ಲಿ ಪಾದರಕ್ಷೆಗೆ ಗೂಡುಗಳಿವೆ. ಶಿರೋರಕ್ಷೆಗೂ ಒಂದು ಸಾಲು ಗೂಡು ಮಾಡಿಸಲು ಹೆಚ್ಚಿನ ಖರ್ಚೇನೂ ಆಗದು. ಆ ಸಾಲಿನಲ್ಲಿ ದೊಡ್ಡವುಗಳ ಪಕ್ಕದಲ್ಲಿ ಚಿಕ್ಕ ಹೆಲ್ಮೆಟ್ಟುಗಳೂ ಕಾಣಿಸಿಕೊಂಡ ದಿನ, ಈ ವಿಷಯದಲ್ಲಿ ಪೊಲೀಸರಿಗೆ ನಮ್ಮೊಡನೆ ಕೆಲಸವಿರುವುದಿಲ್ಲ.